ಸೀಮೆಸುಣ್ಣದ ಐದು ವರ್ಷಗಳು

1980ರ ಕೊನೆಯ ದಿನಗಳು. ನ್ಯೂಯಾರ್ಕಿನ ನೆಲದಡಿಯ ರೈಲು ನಿಲ್ದಾಣವೊಂದರಲ್ಲಿ ಇಪ್ಪತ್ತೆರಡು ವರ್ಷದ ಹುಡುಗನೊಬ್ಬ ನಿಂತಿದ್ದಾನೆ. ಸಣಕಲು ಮೈ, ದುಂಡನೆಯ ಕನ್ನಡಕ. ಪ್ಲಾಟ್‌ಫಾರಂನ ಗೋಡೆಗೆ ಸಾಲಾಗಿ ಜಾಹೀರಾತು ಫಲಕಗಳಿವೆ. ಅವುಗಳಲ್ಲೊಂದು ಖಾಲಿ. ಹಳೆಯ ಜಾಹೀರಾತಿನ ಅವಧಿ ಮುಗಿದು ಹೊಸದು ಬರುವ ತನಕ ಆ ಜಾಗಕ್ಕೆ ಹೊಳಪಿಲ್ಲದ ಕಪ್ಪು ಕಾಗದ ಅಂಟಿಸುವುದು ಅಲ್ಲಿನ ರೂಢಿ. ದಿನವೂ ಆ ದಾರಿಯಲ್ಲಿ ಓಡಾಡುವ ಸಾವಿರಾರು ಜನ ಅದನ್ನು ಕಂಡರೂ ಕಾಣದಂತೆ ಹೋಗುತ್ತಿದ್ದರು. ಈ ಹುಡುಗ ಮಾತ್ರ ನಿಂತು ನೋಡಿದ. ಮೆಟ್ಟಿಲು ಹತ್ತಿ ಮೇಲಿನ ರಸ್ತೆಗೆ ಹೋದ. ಶುಭಾಶಯ ಪತ್ರ ಮಾರುವ ಅಂಗಡಿಯಲ್ಲಿ ಒಂದು ಡಬ್ಬಿ ಬಿಳಿ ಸೀಮೆಸುಣ್ಣ ಕೊಂಡ. ಮತ್ತೆ ಕೆಳಗಿಳಿದು ಬಂದು ಆ ಕಪ್ಪು ಕಾಗದದ ಮೇಲೆ ಚಿತ್ರ ಬಿಡಿಸಿದ.

ಆ ಹುಡುಗನ ಹೆಸರು ಕೀತ್ ಹ್ಯಾರಿಂಗ್. ಹೆಸರು ಗೊತ್ತಿಲ್ಲದವರೂ ಅವನ ಗೆರೆಯನ್ನು ಎಲ್ಲಾದರೂ ನೋಡಿರುತ್ತಾರೆ. ಮೈಯಿಂದ ಕಿರಣಗಳು ಹೊಮ್ಮುವ ತೆವಳುವ ಮಗು, ಬೊಗಳುವ ಚೌಕಾಕಾರದ ನಾಯಿ, ಮುಖವಿಲ್ಲದೆ ಕುಣಿಯುವ ಮನುಷ್ಯರು ಇಂದು ಟೀ ಶರ್ಟುಗಳ ಮೇಲೆ ಜಗತ್ತೆಲ್ಲ ಸುತ್ತುತ್ತಿದ್ದಾರೆ. ಆದರೆ ಈ ಬರಹ ಹೆಚ್ಚಾಗಿ ಟೀ ಶರ್ಟಿಗಿಂತ ಹಿಂದಿನ ಐದು ವರ್ಷಗಳ ಕುರಿತದ್ದು. 1980ರಿಂದ 1985ರವರೆಗೆ ಹ್ಯಾರಿಂಗ್ ಒಂದೇ ಕಾಲಕ್ಕೆ ಎರಡು ಕಡೆ ಚಿತ್ರ ಬಿಡಿಸಿದ. ನೆಲದಡಿಯಲ್ಲಿ ಬಿಡಿಸಿದ್ದಕ್ಕೆ ಬೆಲೆಯಿರಲಿಲ್ಲ, ಅನುಮತಿಯೂ ಇರಲಿಲ್ಲ. ನೆಲದ ಮೇಲಿನ ಗ್ಯಾಲರಿಯಲ್ಲಿ ಎರಡೂ ಇದ್ದವು.

ಬೀದಿಯಲ್ಲಿ ಬಿಡಿಸುತ್ತಿದ್ದ ಕಲಾವಿದ ಗ್ಯಾಲರಿಗೆ ಹೋದ ಎಂದಾಗ ನಾವು ಅದನ್ನು ಏಣಿ ಹತ್ತಿದ ಕಥೆಯಾಗಿ ಕೇಳಿಸಿಕೊಳ್ಳುತ್ತೇವೆ. ಕೆಳಗಿನ ಮೆಟ್ಟಿಲು ಬೀದಿ, ಮೇಲಿನದು ಗ್ಯಾಲರಿ. ಹತ್ತಿದ ಮೇಲೆ ಕೆಳಗಿನ ಮೆಟ್ಟಿಲಿನ ಕೆಲಸ ಮುಗಿಯಿತು. ಹ್ಯಾರಿಂಗ್‌ನ ಬದುಕು ಈ ಚೌಕಟ್ಟಿಗೆ ಒಗ್ಗುವುದಿಲ್ಲ. ಗ್ಯಾಲರಿ ಸಿಕ್ಕ ಮೇಲೂ ಅವನು ಮೂರು ವರ್ಷ ನೆಲದಡಿಗೆ ಹೋಗುತ್ತಲೇ ಇದ್ದ. ಅವನು ಅದನ್ನು ಯಾಕೆ ಬಿಡಲಿಲ್ಲ, ಕಡೆಗೆ ಯಾಕೆ ಬಿಡಬೇಕಾಯಿತು ಎಂದು ಹುಡುಕುತ್ತ ಹೋದರೆ, ಬೀದಿ ಮತ್ತು ಗ್ಯಾಲರಿಯ ನಡುವಿನ ತಕ್ಕಡಿ ಕಲಾವಿದನೊಬ್ಬನ ಕೈಯಲ್ಲೇ ಇರುವುದಿಲ್ಲ ಎಂಬುದು ನಿಧಾನಕ್ಕೆ ತಿಳಿಯುತ್ತದೆ.

ಹ್ಯಾರಿಂಗ್ ಹುಟ್ಟಿದ್ದು 1958ರ ಮೇ 4ರಂದು, ಪೆನ್ಸಿಲ್ವೇನಿಯಾದ ರೆಡಿಂಗ್‌ನಲ್ಲಿ. ಬೆಳೆದದ್ದು ಪಕ್ಕದ ಕುಟ್ಸ್‌ಟೌನ್ ಎಂಬ ಸಣ್ಣ ಊರಿನಲ್ಲಿ. ನಾಲ್ವರು ಮಕ್ಕಳಲ್ಲಿ ಇವನೇ ಹಿರಿಯ, ಹಿಂದೆ ಮೂವರು ತಂಗಿಯರು. ತಂದೆ ವೃತ್ತಿಯಿಂದ ಎಂಜಿನಿಯರ್, ಹವ್ಯಾಸಕ್ಕೆ ವ್ಯಂಗ್ಯಚಿತ್ರ ಬಿಡಿಸುವವರು. ಮಗನಿಗೆ ಗೆರೆ ಎಳೆಯಲು ಕಲಿಸಿದವರು ಅವರೇ. ವಾಲ್ಟ್ ಡಿಸ್ನಿ ಮತ್ತು ಡಾಕ್ಟರ್ ಸ್ಯೂಸ್‌ರ ಚಿತ್ರಗಳು ಆ ಮನೆಯ ಮಕ್ಕಳಿಗೆ ಪರಿಚಿತ. ಹೀಗಾಗಿ ಹ್ಯಾರಿಂಗ್‌ನ ಮೊದಲ ಗುರುಮನೆ ಮ್ಯೂಸಿಯಂ ಆಗಿರಲಿಲ್ಲ. ಎಲ್ಲರ ಕೈಗೂ ಸಿಗುವ, ಓದಿ ಬದಿಗಿಡುವ ಅಗ್ಗದ ಚಿತ್ರಗಳೇ ಅವನಿಗೆ ಮೊದಲ ಪಾಠ.

1976ರಲ್ಲಿ ಶಾಲೆ ಮುಗಿಸಿದಾಗ ಹೊಟ್ಟೆಪಾಡಿನ ಮಾತು ಬಂತು. ಪಿಟ್ಸ್‌ಬರ್ಗ್‌ನಲ್ಲಿ ವಾಣಿಜ್ಯ ಕಲೆ ಕಲಿಸುವ ಸಂಸ್ಥೆಯೊಂದಕ್ಕೆ ಸೇರಿದ. ಎರಡು ಸೆಮಿಸ್ಟರ್ ಆಗುವಷ್ಟರಲ್ಲಿ ಜಾಹೀರಾತಿನ ಚಿತ್ರ ಬಿಡಿಸುತ್ತ ಬದುಕುವುದು ತನ್ನಿಂದಾಗದು ಎಂದು ಬಿಟ್ಟುಬಂದ. ಅದೇ ಊರಿನಲ್ಲಿ 1977ರಲ್ಲಿ ಅವನು ಬೆಲ್ಜಿಯಂನ ಪಿಯರ್ ಅಲೆಚಿನ್ಸ್ಕಿಯ ದೊಡ್ಡ ಪ್ರದರ್ಶನ ನೋಡಿದ. ಮೊದಲೇ ಯೋಜನೆ ಹಾಕದೆ, ಕೈ ಹೋದಂತೆ ಹರಿಯುವ ಗೆರೆಯನ್ನು ಅಷ್ಟು ದೊಡ್ಡ ಗಾತ್ರದಲ್ಲಿ ಕಂಡದ್ದು ಅವನಿಗೆ ಧೈರ್ಯ ಕೊಟ್ಟಿತು. ಕಟ್ಟಡಗಳನ್ನು, ಕಣಿವೆಗಳನ್ನು ಬಟ್ಟೆಯಿಂದ ಹೊದಿಸುತ್ತಿದ್ದ ಕ್ರಿಸ್ಟೋನ ಉಪನ್ಯಾಸ ಕೇಳಿದ್ದೂ ಆಗಲೇ. ಕಲೆಯ ಗಂಧಗಾಳಿಯಿಲ್ಲದ ಜನರನ್ನೂ ಒಂದು ಕೃತಿ ತಡೆದು ನಿಲ್ಲಿಸಬಹುದು ಎಂಬ ಮಾತು ತಲೆಯಲ್ಲಿ ಉಳಿಯಿತು. 1978ರಲ್ಲಿ ಅವನು ನ್ಯೂಯಾರ್ಕಿಗೆ ಬಂದು ಸ್ಕೂಲ್ ಆಫ್ ವಿಶುವಲ್ ಆರ್ಟ್ಸ್ ಸೇರಿದ. ಅಲ್ಲಿ ಚಿತ್ರಕಲೆಯ ಜೊತೆಗೆ ಸಂಕೇತವಿಜ್ಞಾನವನ್ನೂ ಓದಿದ. ಒಂದು ಚಿಹ್ನೆ ಅರ್ಥ ಪಡೆಯುವುದು ಹೇಗೆ, ಅದರ ಜಾಗ ಬದಲಾದರೆ ಅರ್ಥ ಬದಲಾಗುತ್ತದೆಯೇ ಎಂಬ ಪ್ರಶ್ನೆಗಳು ಅವನಿಗೆ ತರಗತಿಯ ಪ್ರಶ್ನೆಗಳಾಗಿ ಮಾತ್ರ ಉಳಿಯಲಿಲ್ಲ.

ಅವನು ಬಂದಿಳಿದ ನಗರದ ಸ್ಥಿತಿಯನ್ನೂ ನೆನೆಯಬೇಕು. 1975ರಲ್ಲಿ ನ್ಯೂಯಾರ್ಕ್ ನಗರಾಡಳಿತ ದಿವಾಳಿಯ ಅಂಚಿಗೆ ಹೋಗಿಬಂದಿತ್ತು. ರೈಲುಗಳು ಹಳತಾಗಿದ್ದವು, ನಿಲ್ದಾಣಗಳು ಕೊಳಕು. ಬಡ ಬಡಾವಣೆಗಳ ಹುಡುಗರು, ಬಹುಪಾಲು ಕಪ್ಪು ಮತ್ತು ಲ್ಯಾಟಿನೊ ಹುಡುಗರು, ರಾತ್ರಿ ರೈಲು ಡಿಪೋಗಳಿಗೆ ನುಗ್ಗಿ ಬೋಗಿಗಳ ಉದ್ದಕ್ಕೂ ಸ್ಪ್ರೇ ಬಣ್ಣದಲ್ಲಿ ತಮ್ಮ ಅಡ್ಡಹೆಸರು ಬರೆಯುತ್ತಿದ್ದರು. ಬೆಳಗಾದರೆ ಆ ಹೆಸರು ನಗರದ ಈ ತುದಿಯಿಂದ ಆ ತುದಿಗೆ ಓಡುತ್ತಿತ್ತು. ನಗರಾಡಳಿತ ಇದನ್ನು ಕಲೆಯೆಂದು ಒಪ್ಪಲಿಲ್ಲ, ಅಪರಾಧವೆಂದಿತು. ಮೇಯರ್ ಎಡ್ ಕಾಚ್‌ನ ಕಾಲದಲ್ಲಿ ಡಿಪೋಗಳಿಗೆ ಬೇಲಿ ಬಂತು, ಕಾವಲಿಗೆ ನಾಯಿಗಳು ಬಂದವು.

ಇನ್ನೊಂದು ಕಡೆ ಗ್ಯಾಲರಿಗಳಿಗೂ ಇದರ ಗಂಧ ತಟ್ಟಿತ್ತು. ರೈಲು ಬೋಗಿಗಳ ಮೇಲೆ ಬರೆದು ಹೆಸರಾಗಿದ್ದ ಲೀ ಕಿನ್ಯೋನೆಸ್ ಮತ್ತು ಫ್ಯಾಬ್ ಫೈವ್ ಫ್ರೆಡ್ಡಿಯ ಕೃತಿಗಳು 1979ರಲ್ಲೇ ರೋಮ್‌ನ ಗ್ಯಾಲರಿಯಲ್ಲಿ ಪ್ರದರ್ಶನಗೊಂಡಿದ್ದವು. 1980ರ ಜೂನ್‌ನಲ್ಲಿ ಟೈಮ್ಸ್ ಸ್ಕ್ವೇರ್‌ನ ಪಾಳುಬಿದ್ದ ಕಟ್ಟಡವೊಂದರಲ್ಲಿ ಕಲಾವಿದರೇ ಸೇರಿ ಒಂದು ಪ್ರದರ್ಶನ ನಡೆಸಿದರು. 1981ರಲ್ಲಿ ಪಿ.ಎಸ್. 1 ಎಂಬ ಕಲಾಕೇಂದ್ರದಲ್ಲಿ ಇನ್ನೂ ದೊಡ್ಡದು ನಡೆಯಿತು. ಎರಡರಲ್ಲೂ ಹ್ಯಾರಿಂಗ್ ಇದ್ದ. ಎರಡರಲ್ಲೂ ಅವನ ಗೆಳೆಯ ಜಾನ್-ಮಿಷೆಲ್ ಬಾಸ್ಕಿಯಾ ಇದ್ದ. ಬಾಸ್ಕಿಯಾ ಬ್ರೂಕ್ಲಿನ್‌ನ ಹುಡುಗ. ತಂದೆ ಹೈಟಿಯವರು, ತಾಯಿ ಪೋರ್ಟೊ ರಿಕೊ ಮೂಲದವರು. ಅವನು ಹ್ಯಾರಿಂಗ್‌ಗಿಂತ ಮೊದಲೇ ತನ್ನ ಗೆಳೆಯನೊಬ್ಬನ ಜೊತೆ ಸೇರಿ ‘ಸೇಮೋ’ ಎಂಬ ಸಹಿಯಲ್ಲಿ ಮ್ಯಾನ್‌ಹಟನ್‌ನ ಗೋಡೆಗಳ ಮೇಲೆ ಒಗಟಿನಂಥ ಸಾಲುಗಳನ್ನು ಬರೆಯುತ್ತಿದ್ದ. ಆ ಸಾಲುಗಳನ್ನು ಹ್ಯಾರಿಂಗ್ ಬರೆದವನ ಗುರುತು ತಿಳಿಯುವ ಮುಂಚೆಯೇ ಮೆಚ್ಚಿಕೊಂಡಿದ್ದ.

ಈ ಹುಡುಗರ ನಡುವೆ ಹ್ಯಾರಿಂಗ್ ತನಗೊಂದು ಬೇರೆ ಜಾಗ ಹುಡುಕಬೇಕಿತ್ತು. ರೈಲು ಬೋಗಿಯ ಮೇಲೆ ಬರೆಯುವುದು ಆ ಹುಡುಗರು ಕಟ್ಟಿಕೊಂಡ ಕಲೆ. ಅದಕ್ಕೆ ಅದರದೇ ಗುರುಗಳು, ಅದರದೇ ಮರ್ಯಾದೆ. ಸಣ್ಣ ಊರಿನಿಂದ ಬಂದ ಬಿಳಿಯ ವಿದ್ಯಾರ್ಥಿ ಅದನ್ನು ನಕಲು ಮಾಡಿದರೆ ಚೆನ್ನಾಗಿರುವುದಿಲ್ಲ ಎಂಬ ವಿವೇಕ ಅವನಿಗಿತ್ತು. ಕಪ್ಪು ಕಾಗದ ಅವನಿಗೆ ದಕ್ಕಿದ್ದು ಹೀಗೆ. ಅದು ಯಾರ ಗೋಡೆಯೂ ಅಲ್ಲ, ಯಾರೂ ಬೇಕೆಂದು ಕೇಳಿದ್ದೂ ಅಲ್ಲ. ಸೀಮೆಸುಣ್ಣ ಒರೆಸಿದರೆ ಹೋಗುತ್ತದೆ. ಕೆಲವು ದಿನಗಳಲ್ಲಿ ಅದರ ಮೇಲೆ ಹೊಸ ಜಾಹೀರಾತು ಬೀಳುತ್ತದೆ.

ಕೆಲಸದ ಬಗೆ ಹೀಗಿತ್ತು. ರೈಲು ಹತ್ತುತ್ತಿದ್ದ, ಕಿಟಕಿಯಿಂದ ಕಪ್ಪು ಫಲಕ ಕಂಡರೆ ಇಳಿಯುತ್ತಿದ್ದ, ಬಿಡಿಸುತ್ತಿದ್ದ, ಮುಂದಿನ ರೈಲು ಹತ್ತುತ್ತಿದ್ದ. ಪೊಲೀಸರು ಬರುವ ಮುಂಚೆ ಮುಗಿಸಬೇಕಾದ್ದರಿಂದ ಅಳಿಸಿ ತಿದ್ದುವ ಮಾತೇ ಇಲ್ಲ. ಆ ಮೆದು ಕಾಗದದ ಮೇಲೆ ಸುಣ್ಣದ ಕಡ್ಡಿ ಸರಾಗವಾಗಿ ಓಡುತ್ತಿತ್ತು. ಒಮ್ಮೆ ಇಟ್ಟ ಗೆರೆ ಮುಗಿಯಿತು, ಅದು ಅಲ್ಲೇ. ಕೆಲವು ದಿನ ನಲವತ್ತರವರೆಗೆ ಚಿತ್ರ ಬಿಡಿಸಿದ್ದುಂಟು. ಹ್ಯಾರಿಂಗ್‌ನ ಕಲೆಯ ಗುಣಗಳೆಂದು ನಾವು ಇಂದು ಹೇಳುವ ದಪ್ಪನೆಯ ಒಂದೇ ಹದದ ಗೆರೆ, ನೆರಳಿಲ್ಲದ ಆಕೃತಿ, ದೂರದಿಂದಲೇ ಓದಲು ಬರುವ ಸರಳತೆ ಎಲ್ಲವೂ ಈ ಅವಸರದಲ್ಲಿ ಪಳಗಿದವು. ನೆಲದಡಿಯ ನಿಲ್ದಾಣಗಳನ್ನು ಅವನು ತನ್ನ ಪ್ರಯೋಗಶಾಲೆ ಎಂದು ಕರೆದದ್ದು ಅದಕ್ಕೇ.

ಚಿತ್ರ ಬಿಡಿಸುತ್ತಿದ್ದಾಗ ಸುತ್ತ ಜನ ಸೇರುತ್ತಿದ್ದರು. ಕೆಲಸಕ್ಕೆ ಹೊರಟವರು, ಶಾಲೆಯ ಮಕ್ಕಳು, ವಯಸ್ಸಾದವರು. ಮ್ಯೂಸಿಯಂನ ಬಾಗಿಲು ತುಳಿಯದವರೇ ಹೆಚ್ಚು. ಇದರ ಅರ್ಥವೇನು ಎಂದು ಕೇಳಿದರೆ, ಅದನ್ನು ಕಂಡುಕೊಳ್ಳುವುದು ನಿಮ್ಮ ಪಾಲಿನ ಕೆಲಸ ಎಂಬಂತೆ ಉತ್ತರಿಸುತ್ತಿದ್ದ. ಕಿರಣ ಹೊಮ್ಮುವ ಮಗುವಿನ ಚಿತ್ರವಿರುವ ಬ್ಯಾಡ್ಜುಗಳನ್ನು ಮಾಡಿಸಿಟ್ಟುಕೊಂಡು ಮಾತಾಡಿಸಿದವರಿಗೆ ಪುಕ್ಕಟೆ ಕೊಡುತ್ತಿದ್ದ. ಅವನ ಗೆಳೆಯ, ಛಾಯಾಗ್ರಾಹಕ ಸೆಂಗ್ ಕ್ವಾಂಗ್ ಚಿ ನಿಲ್ದಾಣದಿಂದ ನಿಲ್ದಾಣಕ್ಕೆ ತಿರುಗಿ ಆ ಚಿತ್ರಗಳು ಅಳಿಯುವ ಮುಂಚೆ ಸೆರೆಹಿಡಿದ. ಈಗ ನಮಗೆ ಅವು ಇದ್ದ ಹಾಗೆ, ಇದ್ದ ಜಾಗದಲ್ಲಿ ಕಾಣುವುದು ಹೆಚ್ಚಾಗಿ ಆ ಫೋಟೊಗಳಲ್ಲೇ.

ನಮ್ಮ ಮನೆಗಳ ಮುಂದೆ ಬೆಳಿಗ್ಗೆ ಇಟ್ಟ ರಂಗೋಲಿ ಸಂಜೆಯ ಹೊತ್ತಿಗೆ ಕಾಲ್ತುಳಿತಕ್ಕೆ ಸಿಕ್ಕಿರುತ್ತದೆ. ಇಟ್ಟವರು ಅದಕ್ಕೆ ಮರುಗುವುದಿಲ್ಲ, ಮರುದಿನ ನೀರು ಚಿಮುಕಿಸಿ ಹೊಸದು ಇಡುತ್ತಾರೆ. ಹ್ಯಾರಿಂಗ್‌ನ ಸೀಮೆಸುಣ್ಣದ ಚಿತ್ರಗಳನ್ನು ಅರ್ಥಮಾಡಿಕೊಳ್ಳಲು ಕನ್ನಡದ ಓದುಗರಿಗೆ ಇದಕ್ಕಿಂತ ಹತ್ತಿರದ ದಾರಿ ಸಿಗಲಾರದು. ಅಳಿದುಹೋಗುವುದು ಅಲ್ಲಿ ನಷ್ಟವಲ್ಲ, ಆ ಕೆಲಸದ ನಿಯಮ. ಇದ್ದಷ್ಟು ಹೊತ್ತು ಅದು ಎಲ್ಲರದು.

ಇನ್ನು ಗ್ಯಾಲರಿಯ ಕಡೆ. ಹ್ಯಾರಿಂಗ್ ಆರಂಭದಲ್ಲಿ ಗ್ಯಾಲರಿಯ ಸಹವಾಸ ಬೇಡವೆಂದೇ ಇದ್ದ. ಹೊಟ್ಟೆಪಾಡಿಗೆ ಟೋನಿ ಶಫ್ರಾಜಿಯ ಗ್ಯಾಲರಿಯಲ್ಲಿ ಸಹಾಯಕನಾಗಿ ದುಡಿಯುತ್ತಿದ್ದ. ಈ ಶಫ್ರಾಜಿಯದೂ ಒಂದು ಕಥೆ. ಇರಾನಿನಲ್ಲಿ ಹುಟ್ಟಿದ ಈತ 1974ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಮ್ಯೂಸಿಯಂಗೆ ಹೋಗಿ, ಅಲ್ಲಿ ತೂಗುಹಾಕಿದ್ದ ಪಿಕಾಸೊನ ‘ಗೆರ್ನಿಕಾ’ದ ಮೇಲೆ ಕೆಂಪು ಸ್ಪ್ರೇ ಬಣ್ಣದಲ್ಲಿ ದೊಡ್ಡದಾಗಿ ಬರೆದಿದ್ದ. ಚಿತ್ರದ ಮೇಲಿದ್ದ ವಾರ್ನಿಷ್‌ನಿಂದಾಗಿ ಬಣ್ಣ ಅಳಿಸಲು ಬಂತು, ಈತ ಬಂಧನಕ್ಕೊಳಗಾದ. ಮುಂದೆ ಗೋಡೆಗೀಚಿನ ಕಲಾವಿದರನ್ನು ಮಾರುಕಟ್ಟೆಗೆ ತಂದ ವ್ಯಾಪಾರಿಗಳಲ್ಲಿ ಈತನೇ ಪ್ರಮುಖನಾದ!

ಹೆಸರು ಬೆಳೆದಂತೆ ಚಿತ್ರ ಕೊಳ್ಳುವವರು ನೇರವಾಗಿ ಹ್ಯಾರಿಂಗ್‌ನ ಮನೆಗೇ ಬರತೊಡಗಿದರು. ಇರುವ ಸಣ್ಣ ಜಾಗದಲ್ಲಿ ನಿಂತು ಶ್ರೀಮಂತರೊಡನೆ ಚೌಕಾಸಿ ಮಾಡುವುದು ಅವನಿಗೆ ಹೇಸಿಗೆ ಹುಟ್ಟಿಸಿತು. ಮಾರುವ ಕೆಲಸವನ್ನು ಬೇರೆಯವರಿಗೆ ಬಿಟ್ಟರೆ ಬಿಡಿಸುವ ಕೆಲಸ ತನಗೆ ಉಳಿಯುತ್ತದೆ ಎಂಬ ಲೆಕ್ಕದಲ್ಲಿ ಅವನು ಶಫ್ರಾಜಿಯನ್ನು ಒಪ್ಪಿಕೊಂಡ. 1982ರ ಅಕ್ಟೋಬರ್‌ನಲ್ಲಿ ಸೊಹೊ ಬಡಾವಣೆಯ ಆ ಗ್ಯಾಲರಿಯಲ್ಲಿ ಅವನ ಮೊದಲ ದೊಡ್ಡ ಪ್ರದರ್ಶನ ನಡೆಯಿತು. ಕ್ಯಾನ್ವಾಸ್ ಎಂದರೆ ಬೆಲೆ, ಘನತೆ, ಮ್ಯೂಸಿಯಂ ಎಲ್ಲವೂ ಅದರ ಜೊತೆಗೇ ಬರುತ್ತವೆ ಎಂಬ ಅಳುಕು ಅವನಿಗಿತ್ತು. ಅದಕ್ಕೆ ರಸ್ತೆ ಕೆಲಸದವರು ಸಾಮಾನುಗಳ ಮೇಲೆ ಹೊದಿಸುವಂಥ ವಿನೈಲ್ ಟಾರ್ಪಾಲುಗಳ ಮೇಲೆ ಬಿಡಿಸಿದ. ಗೋಡೆ ತುಂಬ ಚಿತ್ರ, ನೆಲಮಾಳಿಗೆಯಲ್ಲಿ ಕತ್ತಲಲ್ಲಿ ಹೊಳೆಯುವ ಬಣ್ಣ. ರಾಯ್ ಲಿಖ್ಟೆನ್‌ಸ್ಟೈನ್, ರಾಬರ್ಟ್ ರೌಷನ್‌ಬರ್ಗ್‌ರಂಥ ಹಿರಿಯರೂ ಬೀದಿಯ ಹುಡುಗರೂ ಒಂದೇ ಕೋಣೆಯಲ್ಲಿ ಸೇರಿದರು.

ಆ ಪ್ರದರ್ಶನದಲ್ಲಿ ಹ್ಯಾರಿಂಗ್‌ನ ಜೊತೆ ಇನ್ನೊಬ್ಬನ ಕೈಯೂ ಇತ್ತು. ಎಲ್‌ಎ ಟೂ ಎಂಬ ಸಹಿಯಿಂದ ಗುರುತಾಗಿದ್ದ ಏಂಜೆಲ್ ಒರ್ಟಿಜ್ ಆಗಿನ್ನೂ ಹದಿಹರೆಯದ ಹುಡುಗ. ಹ್ಯಾರಿಂಗ್‌ನ ದಪ್ಪ ಗೆರೆಗಳ ನಡುವಿನ ಜಾಗವನ್ನು ತನ್ನ ಬಳ್ಳಿಯಂಥ ಅಕ್ಷರಗಳಿಂದ ತುಂಬುತ್ತಿದ್ದ. ಹ್ಯಾರಿಂಗ್ ಅವನನ್ನು ಸರಿಸಮನಾಗಿ ಕಂಡ, ಜೊತೆಯಲ್ಲಿ ವಿದೇಶಗಳಿಗೂ ಕರೆದೊಯ್ದ. ಹ್ಯಾರಿಂಗ್ ಸತ್ತ ಮೇಲೆ ಆ ಜಂಟಿ ಕೃತಿಗಳ ಕೆಳಗೆ ಎಷ್ಟೋ ಕಡೆ ಒಬ್ಬನ ಹೆಸರು ಮಾತ್ರ ಉಳಿಯಿತು. ಬೀದಿಯಿಂದ ಗ್ಯಾಲರಿಗೆ ಹೋಗುವ ದಾರಿ ಇಬ್ಬರಿಗೂ ಒಂದೇ ಅಗಲ ಇರಲಿಲ್ಲ.

ಅದೇ ಹೊತ್ತಿಗೆ ಸಿಬಿಎಸ್ ವಾಹಿನಿ ಹ್ಯಾರಿಂಗ್ ಕುರಿತು ಒಂದು ಸಣ್ಣ ವರದಿ ಪ್ರಸಾರ ಮಾಡಿತು. ಅದರಲ್ಲಿ ಅವನು ನಿಲ್ದಾಣದಲ್ಲಿ ಚಿತ್ರ ಬಿಡಿಸುವುದೂ, ಪೊಲೀಸರು ಹಿಡಿದುಕೊಂಡು ಹೋಗುವುದೂ, ಗ್ಯಾಲರಿಯಲ್ಲಿ ಜನ ಮುತ್ತಿಕೊಂಡು ನಿಂತಿರುವುದೂ ಇವೆ. ಒಂದೇ ಗೆರೆ ಒಂದು ಕಡೆ ದಂಡಕ್ಕೆ ಗುರಿಯಾಗುತ್ತಿತ್ತು, ಇನ್ನೊಂದು ಕಡೆ ಚೆಕ್ಕು ತರುತ್ತಿತ್ತು. ಜಾಗ ಬದಲಾದರೆ ಚಿಹ್ನೆಯ ಅರ್ಥ ಬದಲಾಗುತ್ತದೆಯೇ ಎಂದು ತರಗತಿಯಲ್ಲಿ ಓದಿದ್ದ ಪ್ರಶ್ನೆಗೆ ಇದಕ್ಕಿಂತ ಸ್ಪಷ್ಟವಾದ ಉತ್ತರ ಬೇಕಿರಲಿಲ್ಲ.

ಪ್ರದರ್ಶನ ಗೆದ್ದಿತು. ಚಿತ್ರಗಳು ಮಾರಿಹೋದವು. ಅದೇ ವರ್ಷ ಜರ್ಮನಿಯ ಕಾಸೆಲ್‌ನ ಡಾಕ್ಯುಮೆಂಟಾದಲ್ಲಿ, ಮರುವರ್ಷ ವಿಟ್ನಿ ಮತ್ತು ಸಾವೊ ಪಾಲೊ ಬಿಯೆನಾಲೆಗಳಲ್ಲಿ ಅವನ ಕೃತಿಗಳಿದ್ದವು. ಏಣಿಯ ಕಥೆಯಾಗಿದ್ದರೆ ಇಲ್ಲಿಗೆ ನೆಲದಡಿಯ ಅಧ್ಯಾಯ ಮುಗಿಯಬೇಕಿತ್ತು. ಹ್ಯಾರಿಂಗ್ ಮಾತ್ರ ಜೇಬಿನಲ್ಲಿ ಸೀಮೆಸುಣ್ಣ ಇಟ್ಟುಕೊಂಡು ಮತ್ತೆ ರೈಲು ಹತ್ತಿದ. ಗ್ಯಾಲರಿಯ ಹಣ ಅವನ ಬಾಡಿಗೆ ಕಟ್ಟಿತು, ಬಣ್ಣ ಕೊಂಡಿತು; ಆ ನಿಶ್ಚಿಂತೆಯಿಂದ ಅವನು ನಿಲ್ದಾಣದಲ್ಲಿ ಪುಕ್ಕಟೆ ಬಿಡಿಸಿದ. ನಿಲ್ದಾಣದಲ್ಲಿ ನಿಂತು ನೋಡುವ ಜನರಿಂದ ತನ್ನ ಗೆರೆ ಹದವಾಗಿದೆಯೇ ಎಂದು ತಿಳಿಯುತ್ತಿತ್ತು. ಆ ಹದ ಗ್ಯಾಲರಿಯ ಚಿತ್ರಕ್ಕೆ ಹೋಗುತ್ತಿತ್ತು. ಒಂದು ನಿಯಮ ಮಾತ್ರ ಕಟ್ಟುನಿಟ್ಟು: ಸೀಮೆಸುಣ್ಣದ ಚಿತ್ರಗಳು ಮಾರಾಟಕ್ಕಿಲ್ಲ.

ಈ ಏರ್ಪಾಡು ಚೆನ್ನಾಗಿಯೇ ನಡೆಯುತ್ತಿದ್ದ ಹೊತ್ತಿಗೆ ಮೈಕೆಲ್ ಸ್ಟೀವರ್ಟ್‌ನ ಸಾವು ಸಂಭವಿಸಿತು.

ಸ್ಟೀವರ್ಟ್ ಇಪ್ಪತ್ತೈದು ವರ್ಷದ ಕಪ್ಪು ಯುವಕ, ಕಲಾವಿದನಾಗುವ ಹಂಬಲದವನು, ಹ್ಯಾರಿಂಗ್ ಮತ್ತು ಬಾಸ್ಕಿಯಾ ಓಡಾಡುತ್ತಿದ್ದ ವಲಯದವನೇ. 1983ರ ಸೆಪ್ಟೆಂಬರ್ 15ರ ನಸುಕಿನಲ್ಲಿ ಫಸ್ಟ್ ಅವೆನ್ಯೂ ನಿಲ್ದಾಣದ ಗೋಡೆಯ ಮೇಲೆ ಗೀಚಿದ ಎಂಬ ಆರೋಪದ ಮೇಲೆ ಪೊಲೀಸರು ಅವನನ್ನು ಹಿಡಿದರು. ಕೈಕಾಲು ಕಟ್ಟಿದ ಸ್ಥಿತಿಯಲ್ಲಿ, ಪ್ರಜ್ಞೆಯಿಲ್ಲದ ಅವನನ್ನು ಬೆಲ್‌ವ್ಯೂ ಆಸ್ಪತ್ರೆಗೆ ತಂದರು. ಅವನು ಎಚ್ಚರಗೊಳ್ಳಲೇ ಇಲ್ಲ. ಸೆಪ್ಟೆಂಬರ್ 28ರಂದು ತೀರಿಕೊಂಡ. ಆರು ಮಂದಿ ಅಧಿಕಾರಿಗಳ ಮೇಲೆ ಮೊಕದ್ದಮೆ ನಡೆಯಿತು. 1985ರ ನವೆಂಬರ್‌ನಲ್ಲಿ ಬಿಳಿಯರೇ ತುಂಬಿದ್ದ ಜ್ಯೂರಿ ಎಲ್ಲರನ್ನೂ ಖುಲಾಸೆ ಮಾಡಿತು.

ಹ್ಯಾರಿಂಗ್ ಕೂಡ ಇದೇ ನಿಲ್ದಾಣಗಳಲ್ಲಿ ಮತ್ತೆ ಮತ್ತೆ ಸಿಕ್ಕಿಬಿದ್ದವನು. ಕೈಗೆ ಕೋಳ ಬಿದ್ದಿತ್ತು, ದಂಡ ಕಟ್ಟಿದ್ದ. ಆದರೆ ಪ್ರತಿ ಸಲವೂ ಮನೆಗೆ ವಾಪಸಾಗಿದ್ದ. ಇದು ಅವನ ಜಾಣತನದಿಂದ ಆದದ್ದಲ್ಲ. ಕಾನೂನು ಒಂದೇ ಆದರೂ ಮೈಬಣ್ಣಕ್ಕೆ ತಕ್ಕಂತೆ ಅದರ ಕೈ ಹಗುರವಾಗುತ್ತಿತ್ತು, ಭಾರವಾಗುತ್ತಿತ್ತು. ಆ ಸಾವು ಬಾಸ್ಕಿಯಾನನ್ನು ಅಲುಗಾಡಿಸಿಬಿಟ್ಟಿತು. ಅವನು ಹ್ಯಾರಿಂಗ್‌ನ ಸ್ಟುಡಿಯೊಗೆ ಬಂದು ಅಲ್ಲಿನ ಗೋಡೆಯ ಮೇಲೆಯೇ ಒಂದು ಚಿತ್ರ ಬಿಡಿಸಿದ: ನಡುವೆ ಕಪ್ಪು ನೆರಳಿನಂಥ ಒಂದು ಆಕೃತಿ, ಎರಡೂ ಬದಿಗೆ ಲಾಠಿ ಎತ್ತಿದ ಪೊಲೀಸರು. ಮುಂದೆ ಸ್ಟುಡಿಯೊ ಬಿಡುವಾಗ ಹ್ಯಾರಿಂಗ್ ಗೋಡೆಯ ಆ ಭಾಗವನ್ನೇ ಕತ್ತರಿಸಿ ತೆಗೆದ. ಅದಕ್ಕೆ ಬಂಗಾರದ ಬಣ್ಣದ ಚೌಕಟ್ಟು ಹಾಕಿಸಿ ತನ್ನ ಹಾಸಿಗೆಯ ಮೇಲೆ ತೂಗುಹಾಕಿಕೊಂಡ. ಅವನು ಸಾಯುವಾಗಲೂ ಅದು ಅಲ್ಲೇ ಇತ್ತು. 1985ರಲ್ಲಿ ತಾನೂ ಸ್ಟೀವರ್ಟ್‌ನ ಕುರಿತು ದೊಡ್ಡದೊಂದು ಚಿತ್ರ ಬಿಡಿಸಿದ. ತನ್ನ ಸೀಮೆಸುಣ್ಣದ ಚಿತ್ರಗಳು ಅಳಿದುಹೋಗಲಿ ಎಂದು ಬಿಟ್ಟುಕೊಟ್ಟವನು ಗೆಳೆಯನ ಈ ಒಂದು ಗೋಡೆಚಿತ್ರವನ್ನು ಮಾತ್ರ ಅಳಿಯಲು ಬಿಡಲಿಲ್ಲ.

ಬಾಸ್ಕಿಯಾ ಅಷ್ಟು ಹೊತ್ತಿಗೆ ಬೀದಿಯನ್ನು ಪೂರ್ತಿ ಬಿಟ್ಟಿದ್ದ. ತನ್ನನ್ನು ಗ್ರಾಫಿಟಿ ಕಲಾವಿದ ಎಂದು ಕರೆದರೆ ಅವನಿಗೆ ಸಿಟ್ಟು ಬರುತ್ತಿತ್ತು. ಹ್ಯಾರಿಂಗ್‌ಗೆ ಬೀದಿ ಒಂದು ಆಯ್ಕೆ. ಬಾಸ್ಕಿಯಾಗೆ ಅದು ಬೇರೆಯವರು ಹಣೆಗೆ ಅಂಟಿಸುವ ಚೀಟಿ, ಕಪ್ಪು ಕಲಾವಿದನನ್ನು ಗ್ಯಾಲರಿಯೊಳಗೂ ಹೊರಗಿನವನಾಗಿಯೇ ಇಡುವ ಉಪಾಯ. ಒಬ್ಬ ಬೀದಿಗೆ ಮರಳಿ ಹೋಗಿದ್ದೂ ಇನ್ನೊಬ್ಬ ಮರಳದೆ ಇದ್ದದ್ದೂ ಕಲಾನಿಷ್ಠೆಯ ಹೆಚ್ಚುಕಡಿಮೆಯಿಂದಲ್ಲ. ಇಬ್ಬರ ಕಾಲಡಿಯ ನೆಲವೇ ಬೇರೆ ಇತ್ತು.

ಕಡೆಗೆ ಹ್ಯಾರಿಂಗ್‌ನ ತಕ್ಕಡಿಯನ್ನು ಕೆಡಿಸಿದ್ದು ಪೊಲೀಸರಲ್ಲ, ಅಭಿಮಾನ. 1983, 84ರ ಹೊತ್ತಿಗೆ ಅವನ ಚಿತ್ರಕ್ಕೆ ಬೆಲೆಯಿದೆ ಎಂಬುದು ಊರಿಗೆಲ್ಲ ತಿಳಿದಿತ್ತು. ಅವನು ಬಿಡಿಸಿ ರೈಲು ಹತ್ತುವುದೇ ತಡ, ಯಾರೋ ಬಂದು ಕಪ್ಪು ಕಾಗದವನ್ನು ಅಂಚಿನಿಂದ ಕೊಯ್ದು ಸುತ್ತಿಕೊಂಡು ಹೋಗುತ್ತಿದ್ದರು. ಅಂಗಳದ ಮಣ್ಣಿನ ಸಮೇತ ರಂಗೋಲಿಯನ್ನು ಎತ್ತಿಕೊಂಡು ಹೋದ ಹಾಗೆ. ಪುಕ್ಕಟೆ ಕೊಟ್ಟದ್ದನ್ನು ಮಾರುಕಟ್ಟೆ ಹಿಂದಿನಿಂದ ಬಂದು ಬಾಚಿಕೊಳ್ಳುತ್ತಿತ್ತು. ಬೆಳಿಗ್ಗೆ ಕೆಲಸಕ್ಕೆ ಹೋಗುವವರಿಗೆ ನೋಡಲು ಉಳಿಯುತ್ತಿದ್ದದ್ದು ಹರಿದ ಅಂಚು. ಯಾರಿಗಾಗಿ ಬಿಡಿಸುತ್ತಿದ್ದನೋ ಅವರಿಗೇ ಕಾಣದ ಮೇಲೆ ಬಿಡಿಸಿ ಏನು ಫಲ? 1985ರಲ್ಲಿ ಅವನು ಸೀಮೆಸುಣ್ಣ ಕೆಳಗಿಟ್ಟ.

ಕೆಳಗಿಟ್ಟ ಮೇಲೆ ಮಾಡಿದ ಕೆಲಸವನ್ನು ನೋಡಿದರೆ, ಅವನು ಬಿಟ್ಟದ್ದು ಸೀಮೆಸುಣ್ಣವನ್ನು ಮಾತ್ರ ಎಂದು ತಿಳಿಯುತ್ತದೆ. 1986ರ ಏಪ್ರಿಲ್‌ನಲ್ಲಿ ಲಫಾಯೆಟ್ ಬೀದಿಯಲ್ಲಿ ‘ಪಾಪ್ ಶಾಪ್’ ಎಂಬ ಅಂಗಡಿ ತೆರೆದ. ಗೋಡೆ, ನೆಲ, ಚಾವಣಿ ಎಲ್ಲವನ್ನೂ ತಾನೇ ಕಪ್ಪು ಗೆರೆಗಳಿಂದ ತುಂಬಿಸಿದ. ಟೀ ಶರ್ಟು, ಪೋಸ್ಟರು, ಬ್ಯಾಡ್ಜುಗಳನ್ನು ಸಾಮಾನ್ಯರ ಕೈಗೆಟಕುವ ಬೆಲೆಗೆ ಮಾರಿದ. ಆ್ಯಂಡಿ ವಾರ್ಹಾಲ್ ಬೆನ್ನು ತಟ್ಟಿದ. ಕಲಾವಲಯದ ಹಲವರಿಗೆ ಇದು ಸೇರಲಿಲ್ಲ, ಕಲೆಯನ್ನು ಸಂತೆಗಿಟ್ಟ ಎಂದರು. ಅವನನ್ನು ಲಘುವಾಗಿ ಕಾಣುವ ವಿಮರ್ಶಕರು ಮೊದಲಿನಿಂದಲೂ ಇದ್ದರು. ರಾಬರ್ಟ್ ಹ್ಯೂಸ್‌ನಂಥ ದೊಡ್ಡ ವಿಮರ್ಶಕನೇ ಅವನ ಹೆಸರನ್ನು ತಿರುಚಿ ಗೇಲಿ ಮಾಡಿದ್ದ. ಹ್ಯಾರಿಂಗ್‌ನ ವಾದ ಸರಳ: ಒಂದೇ ಚಿತ್ರವನ್ನು ಒಬ್ಬ ಶ್ರೀಮಂತನಿಗೆ ಮಾರುವುದು ಗೌರವದ ವ್ಯಾಪಾರವಾದರೆ, ಸಾವಿರ ಜನರಿಗೆ ಸಾವಿರ ಪ್ರತಿ ಮಾರುವುದು ಕೀಳಾಗುವುದು ಹೇಗೆ? ಈ ವಾದದಲ್ಲಿ ಹುರುಳಿದೆ. ಆದರೂ ನಿಲ್ದಾಣದ ಚಿತ್ರ ನೋಡಲು ಜೇಬಿಗೆ ಕೈ ಹಾಕಬೇಕಿರಲಿಲ್ಲ. ಅಗ್ಗದ ಟೀ ಶರ್ಟಿಗೂ ಒಂದು ಬೆಲೆಚೀಟಿ ಇರುತ್ತದೆ. ಆ ವ್ಯತ್ಯಾಸ ಅವನಿಗೂ ಗೊತ್ತಿದ್ದಿರಬೇಕು, ಯಾಕೆಂದರೆ ಅಂಗಡಿಯ ಜೊತೆಜೊತೆಗೇ ಅವನು ಗೋಡೆಗಳಿಗೆ ಮರಳಿದ.

ಅದೇ 1986ರಲ್ಲಿ ಕ್ರ್ಯಾಕ್ ಎಂಬ ಮಾದಕ ವಸ್ತು ನ್ಯೂಯಾರ್ಕನ್ನು ತಿನ್ನುತ್ತಿತ್ತು. ಹ್ಯಾರಿಂಗ್‌ನ ಸ್ಟುಡಿಯೊದಲ್ಲಿ ಕೆಲಸ ಮಾಡುತ್ತಿದ್ದ ಯುವಕನೂ ಅದಕ್ಕೆ ಬಲಿಬಿದ್ದಿದ್ದ. ಸರ್ಕಾರದ ಕಡೆಯಿಂದ ಏನೂ ಆಗುತ್ತಿಲ್ಲವೆಂಬ ಸಿಟ್ಟಿನಲ್ಲಿ ಹಾರ್ಲೆಮ್‌ನ ಹೆದ್ದಾರಿ ಪಕ್ಕದ ಆಟದ ಅಂಕಣವೊಂದರ ಗೋಡೆಗೆ, ಯಾರ ಅಪ್ಪಣೆಯನ್ನೂ ಕೇಳದೆ, ಕಿತ್ತಳೆ ಬಣ್ಣದ ಹಿನ್ನೆಲೆಯಲ್ಲಿ ಕ್ರ್ಯಾಕ್ ವಿರುದ್ಧದ ದೊಡ್ಡ ಚಿತ್ರ ಬರೆದ. ಪೊಲೀಸರು ಕೇಸು ಹಾಕಿದರು, ದಂಡ ಬಿತ್ತು, ಚಿತ್ರದ ಮೇಲೆ ಬಣ್ಣ ಬಳಿದದ್ದೂ ಆಯಿತು. ಅಷ್ಟರಲ್ಲಿ ಅದು ಪತ್ರಿಕೆ, ಟಿವಿಗಳಲ್ಲಿ ಬಂದು ಜನ ಮೆಚ್ಚಿಕೊಂಡಿದ್ದರು. ಕಡೆಗೆ ನಗರದ ಉದ್ಯಾನ ಇಲಾಖೆಯೇ ಅವನನ್ನು ಕರೆದು ಮತ್ತೊಮ್ಮೆ ಬರೆಸಿತು. ‘ಕ್ರ್ಯಾಕ್ ಈಸ್ ವ್ಯಾಕ್’ ಎಂಬ ಆ ಗೋಡೆ ಇಂದಿಗೂ ಅಲ್ಲೇ ಇದೆ. ಅದೇ ವರ್ಷದ ಅಕ್ಟೋಬರ್‌ನಲ್ಲಿ ಬರ್ಲಿನ್ ಗೋಡೆಯ ಮೇಲೆ ಸುಮಾರು 300 ಮೀಟರ್ ಉದ್ದಕ್ಕೆ ಕೈಕಾಲು ಹಿಡಿದು ಸರಪಣಿಯಾದ ಮನುಷ್ಯರನ್ನು ಬಿಡಿಸಿದ. ಸ್ವಲ್ಪ ದಿನಗಳಲ್ಲೇ ಅದರ ಮೇಲೆ ಬೇರೆಯವರು ಬರೆದರು. ಮುಂದಿನ ವರ್ಷ ಪ್ಯಾರಿಸ್‌ನ ನೆಕ್ಕೆರ್ ಮಕ್ಕಳ ಆಸ್ಪತ್ರೆಯ ಹೊರಗೋಡೆಗೆ ಚಿತ್ರ ಬರೆದ.

1988ರ ಆಗಸ್ಟ್ 12ರಂದು ಬಾಸ್ಕಿಯಾ ಇಪ್ಪತ್ತೇಳನೆಯ ವಯಸ್ಸಿನಲ್ಲಿ ಮಾದಕ ವಸ್ತುವಿನ ಅತಿಸೇವನೆಯಿಂದ ಸತ್ತ. ಅದೇ ವರ್ಷ ಹ್ಯಾರಿಂಗ್‌ಗೆ ಏಡ್ಸ್ ಇರುವುದು ಖಚಿತವಾಯಿತು. ಆಗ ಅದಕ್ಕೆ ಬದುಕಿಸುವ ಮದ್ದಿರಲಿಲ್ಲ. ಅವನು ಅದನ್ನು ಮುಚ್ಚಿಡಲಿಲ್ಲ. ಬಹಿರಂಗವಾಗಿ ಮಾತಾಡಿದ, ಜಾಗೃತಿಯ ಪೋಸ್ಟರುಗಳನ್ನು ಬರೆದ, ಏಡ್ಸ್ ಸಂಬಂಧಿ ಕೆಲಸಕ್ಕೂ ಮಕ್ಕಳಿಗೂ ನೆರವಾಗಲೆಂದು 1989ರಲ್ಲಿ ತನ್ನ ಹೆಸರಿನ ಪ್ರತಿಷ್ಠಾನ ಕಟ್ಟಿದ. ಆ ವರ್ಷದ ಜೂನ್‌ನಲ್ಲಿ ಇಟಲಿಯ ಪೀಸಾಕ್ಕೆ ಹೋಗಿ, ಒಂದು ಚರ್ಚಿಗೆ ಸೇರಿದ ಕಟ್ಟಡದ ಹಿಂಗೋಡೆಯ ಮೇಲೆ ಮೂವತ್ತು ಆಕೃತಿಗಳ ಚಿತ್ರ ಬರೆದ. ವಿಸ್ತೀರ್ಣ ಸುಮಾರು 180 ಚದರ ಮೀಟರ್. ಹೆಸರು ‘ತುತ್ತೊಮೊಂದೊ’, ಎಂದರೆ ‘ಇಡೀ ಜಗತ್ತು’. ಜನ ಬೀದಿಯಲ್ಲಿ ನಿಂತು ನೋಡುತ್ತಿದ್ದರು. ವರ್ಷಗಳ ಹಿಂದಿನ ನಿಲ್ದಾಣದಂತೆಯೇ, ಆದರೆ ಈ ಬಾರಿ ಓಡಿಹೋಗುವ ಅವಸರವಿರಲಿಲ್ಲ. ಗೋಡೆಯ ಬಣ್ಣ ಬಹುಕಾಲ ಬಾಳುವಂಥದ್ದು. 1990ರ ಫೆಬ್ರವರಿ 16ರಂದು ಅವನು ತೀರಿಕೊಂಡ. ವಯಸ್ಸು ಮೂವತ್ತೊಂದು. ಅವನ ಚಿತ್ರಗಳನ್ನು ಫೋಟೊಗಳಲ್ಲಿ ಉಳಿಸಿದ ಸೆಂಗ್ ಕ್ವಾಂಗ್ ಚಿ ಒಂದು ತಿಂಗಳೊಳಗೆ ಅದೇ ಕಾಯಿಲೆಯಿಂದ ಹೋದ.

2024ರ ನವೆಂಬರ್‌ನಲ್ಲಿ ನ್ಯೂಯಾರ್ಕಿನ ಸದಬೀಸ್ ಹರಾಜು ಸಂಸ್ಥೆಯಲ್ಲಿ ಹ್ಯಾರಿಂಗ್‌ನ 31 ಸೀಮೆಸುಣ್ಣದ ಚಿತ್ರಗಳು ಹರಾಜಿಗೆ ಬಂದವು. ನಿಲ್ದಾಣದ ಗೋಡೆಗಳಿಂದ ಅಂದು ಬೇರ್ಪಟ್ಟು, ಕೈಯಿಂದ ಕೈಗೆ ದಾಟಿ, ಸಂಗ್ರಾಹಕರೊಬ್ಬರ ಬಳಿ ಸೇರಿದ್ದವು. ಎಲ್ಲವೂ ಮಾರಿಹೋಗಿ ಒಟ್ಟು 90 ಲಕ್ಷ ಡಾಲರಿಗಿಂತ ಹೆಚ್ಚು ಹಣ ಬಂತು. ಮಾರಾಟಕ್ಕಿಲ್ಲ ಎಂಬ ಒಂದೇ ನಿಯಮದ ಮೇಲೆ ನಿಂತಿದ್ದ ಚಿತ್ರಗಳಿವು.

ಇದನ್ನು ಹ್ಯಾರಿಂಗ್‌ನ ಸೋಲು ಎನ್ನಬಹುದೇ? ಹಾಗೆನ್ನಲು ನನಗೆ ಮನಸ್ಸು ಬರುವುದಿಲ್ಲ. ಕದ್ದು ಉಳಿಸದಿದ್ದರೆ ಆ ಹಾಳೆಗಳನ್ನು ಇಂದು ಯಾರೂ ಕಣ್ಣಾರೆ ನೋಡುವಂತಿರಲಿಲ್ಲ ಎಂಬುದೂ ನಿಜ. ಆದರೆ ಹರಾಜಿನ ಕೋಣೆಯಲ್ಲಿ ಚೌಕಟ್ಟಿನೊಳಗೆ ನಿಂತ ಹಾಳೆ ಅವನು ಮಾಡಿದ ಕೆಲಸದ ಅರ್ಧ ಮಾತ್ರ. ಉಳಿದರ್ಧ ಕಾಣಬೇಕಾದರೆ ಸೆಂಗ್ ಕ್ವಾಂಗ್ ಚಿಯ ಫೋಟೊಗಳಿಗೆ ಹೋಗಬೇಕು. ಅಲ್ಲಿ ಚಿತ್ರದ ಒಂದು ಪಕ್ಕಕ್ಕೆ ಯಾವುದೋ ಸರಕಿನ ಜಾಹೀರಾತು ಇರುತ್ತದೆ, ಕೆಳಗೆ ಕೊಳಕು ನೆಲ. ಮುಂದೆ ರೈಲಿಗೆ ಕಾಯುತ್ತ ನಿಂತ ಜನ. ಕೆಲವರು ಚಿತ್ರ ನೋಡುತ್ತಿದ್ದಾರೆ, ಕೆಲವರ ಕಣ್ಣು ರೈಲು ಬರುವ ಕಡೆಗಿದೆ.